ಹಳಿಯೂ ಬರಲಿ, ನೀರೂ ಹರಿಯಲಿ
(ಹೊಳವನಹಳ್ಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ತುಮಕೂರು–ರಾಯದುರ್ಗ ರೈಲುಮಾರ್ಗಕ್ಕೆ ಮಂಜೂರಾತಿ ದೊರೆತದ್ದು 2007–08ರಲ್ಲಿ. ರಾಯದುರ್ಗದಿಂದ ಹೊರಟ ಹಳಿ ಕಲ್ಯಾಣದುರ್ಗವನ್ನು ದಾಟಿದೆ. ಅದು ಪಾವಗಡ, ಮಧುಗಿರಿ, ಕೊರಟಗೆರೆಗಳನ್ನು ಹಾದು ತುಮಕೂರನ್ನು ಮುಟ್ಟಿದಾಗ ಬಳ್ಳಾರಿ–ಚಿಕ್ಕಜಾಜೂರು ಮಾರ್ಗವನ್ನೂ ಬೆಂಗಳೂರು–ಹುಬ್ಬಳ್ಳಿ ಮಾರ್ಗವನ್ನೂ ನಮ್ಮ ಸೀಮೆಯೇ ಬೆಸೆಯುತ್ತದೆ. ಕೋಲಾರ–ಚಿಕ್ಕಬಳ್ಳಾಪುರ ನಡುವೆ ನಿಂತುಹೋಗಿದ್ದ ರೈಲು 2013ರಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ಮರಳಿತು. ನಮ್ಮ ಆಸೆಯೂ ಹುಸಿಯಲ್ಲ.

ಆದರೆ ಹಳಿಗಾಗಿ ಹಾಕುವ ಮಣ್ಣಿನ ಏರಿ ಜಯಮಂಗಲಿಗೆ ಇಳಿಯುವ ಹಳ್ಳಗಳಿಗೆ ಅಡ್ಡವಾದರೆ ಮೇಲಿನ ಹೊಲ ಮುಳುಗುತ್ತದೆ, ಕೆಳಗಿನ ಕೆರೆ ಬತ್ತುತ್ತದೆ. ಆದುದರಿಂದ ಮಾರ್ಗದ ನಕ್ಷೆಯನ್ನು ಗ್ರಾಮಸಭೆಗೆ ತರಿಸಿರಿ. ವಿದ್ಯಾರ್ಥಿಗಳು ಮಳೆಗಾಲದಲ್ಲಿ ನಡೆದು ನೋಡಿ, ಪ್ರತಿಯೊಂದು ಹಳ್ಳವನ್ನೂ ಅದರಲ್ಲಿ ಗುರುತಿಸಲಿ. ಹಳ್ಳವಿರುವಲ್ಲೆಲ್ಲ ಮೋರಿ ಬೇಕೆಂದು ಈಗಲೇ ಬರೆದುಕೊಡೋಣ. ಏರಿ ಎದ್ದ ಮೇಲೆ ಕೇಳಿ ಫಲವಿಲ್ಲ.