ಅಂದಾಜಿನ ರಕ್ತ, ಅಳತೆಯ ರಕ್ತ

ಅಭಿನಂದನೆ ಒಂದೇ ಉಸಿರಿಗೆ ಮುಗಿಯಿತು. ಹಾವೇರಿ ಜಿಲ್ಲೆಯ ನರ್ಸಿಂಗ್ ಕಾಲೇಜೊಂದರ ಘಟಿಕೋತ್ಸವಕ್ಕೆ ಅತಿಥಿಯಾಗಿ ಬಂದಿದ್ದ ನಿವೃತ್ತ ಪ್ರಸೂತಿ ತಜ್ಞೆಯ ತವರು ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿ. ಪದಕ ಪಡೆದವರನ್ನು ಹೊಗಳಲು ಪ್ರಾಂಶುಪಾಲರಿದ್ದಾರೆ ಎಂದವರೇ ಮುಂದಿನ ಸಾಲಿಗೆ ಪ್ರಶ್ನೆ ಎಸೆದರು: "ಹೆರಿಗಿ ಆದಮ್ಯಾಲ ಎಷ್ಟು ರಕ್ತ ಹೋತು ಅಂತ ಕೇಸ್‌ಶೀಟಿನ್ಯಾಗ ಏನ್ ಬರೀತೀರಿ?"

"ನಾರ್ಮಲ್, ಮೇಡಂ."

"ನಾರ್ಮಲ್ ಅಂದ್ರ ಎಷ್ಟು ಎಂ.ಎಲ್.?"

ಉತ್ತರ ಬರಲಿಲ್ಲ. ಅವರಿಗೆ ಬೇಕಿದ್ದುದೂ ಅದೇ.

ತಾವು ಹೊಸದಾಗಿ ಕೆಲಸಕ್ಕೆ ಸೇರಿದಾಗ ಉಪಕೇಂದ್ರವೊಂದರಲ್ಲಿದ್ದ ಹಿರಿಯ ನರ್ಸಬಾಯಿಯ ಕಡೆಗೆ ಮಾತು ತಿರುಗಿತು. ಆಕೆ ಹೆರಿಗೆಯ ಬಟ್ಟೆಗಳನ್ನು ತೂಗದೆ ಎಸೆಯುತ್ತಿರಲಿಲ್ಲ. ಮೊದಲೇ ಒಣಬಟ್ಟೆಯ ತೂಕ ಗುರುತು ಹಾಕಿಕೊಂಡು, ಒದ್ದೆಯಾದ ಮೇಲೆ ಎಷ್ಟು ಹೆಚ್ಚಿತು ಎಂದು ನೋಡುವುದು. ಒಂದು ಗ್ರಾಂ ಎಂದರೆ ಹತ್ತಿರಹತ್ತಿರ ಒಂದು ಎಂ.ಎಲ್. ರಕ್ತ. ವೈದ್ಯಕೀಯ ಪದವಿ ಪಡೆದು ಬಂದವರಿಗೆ ಲೆಕ್ಕ ಕಲಿಸಿದ್ದು ಆ ತಕ್ಕಡಿ. ಈ ಕಥೆಗೇ ಭಾಷಣದ ಕಾಲುಭಾಗ ಹೋಯಿತು. ನಿರೂಪಕಿ ಗಡಿಯಾರ ನೋಡಿದ್ದನ್ನು ಅವರು ಗಮನಿಸಿದಂತೆ ಕಾಣಲಿಲ್ಲ.

ಕಣ್ಣಂದಾಜು ಎಷ್ಟು ತಪ್ಪುತ್ತದೆ ಎಂಬುದನ್ನು ಪರೀಕ್ಷೆಗೆ ಒಡ್ಡಿದ್ದು ಬೆಳಗಾವಿ. ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 123 ಬಾಣಂತಿಯರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ರಕ್ತವನ್ನು ಅಳತೆಗೆರೆಗಳಿದ್ದ, ಲಾಳಿಕೆಯಾಕಾರದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದರು, ಇನ್ನೊಂದು ಗುಂಪಿನದನ್ನು ಕಣ್ಣಲ್ಲೇ ಅಂದಾಜಿಸಿದರು. ಚೀಲದ ಸರಾಸರಿ ಸುಮಾರು 302 ಎಂ.ಎಲ್., ಕಣ್ಣಿನದು 203. ಮೂರನೇ ಒಂದು ಪಾಲು ರಕ್ತ ಲೆಕ್ಕಕ್ಕೇ ಸಿಗಲಿಲ್ಲ.

ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬೆಳಗಾವಿ ಜಿಲ್ಲೆಯದೇ ಇನ್ನೊಂದು ಪ್ರಯೋಗ ಬಂತು. ಕೆ.ಎಲ್.ಇ. ಸಂಸ್ಥೆಯ ಜೆ.ಎನ್. ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ ಹಳ್ಳಿಗಳಲ್ಲಿ ನಡೆಸಿದ್ದು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್‌ಗೆ ಫ್ರಿಜ್ ಬೇಕು, ಸೂಜಿ ಬೇಕು. ಮಿಸೊಪ್ರೊಸ್ಟಾಲ್ ಗುಳಿಗೆಗೆ ಎರಡೂ ಬೇಡ. ಹೆರಿಗೆಯಾದ ಕೂಡಲೇ ಕಿರಿಯ ಆರೋಗ್ಯ ಸಹಾಯಕಿಯರು 1,620 ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ 600 ಮೈಕ್ರೊಗ್ರಾಂ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ತದ್ರೂಪಿ ಗುಳಿಗೆ ಕೊಟ್ಟರು. ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

"ಪ್ರಯೋಗ ಮಾಡಿದ ಕೈ ಯಾರದು? ನಿಮ್ಮಂಥ ನರ್ಸುಗಳದು," ಎಂದರು. ಚಪ್ಪಾಳೆಗೆ ಅವಕಾಶ ಕೊಡದೆ ಮುಂದುವರಿದರು.

ಆಫ್ರಿಕಾದ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಹೊರಬಂತು. ಅಳತೆಚೀಲದಿಂದ ರಕ್ತಸ್ರಾವವನ್ನು ಬೇಗ ಪತ್ತೆ ಹಚ್ಚಿ, ಚಿಕಿತ್ಸೆಗಳನ್ನು ಒಂದೊಂದಾಗಿ ಕಾಯದೆ ಒಟ್ಟಿಗೇ ಕೊಟ್ಟ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ, ಅದಕ್ಕಾಗಿ ಶಸ್ತ್ರಚಿಕಿತ್ಸೆ, ಅದರಿಂದ ಸಾವು, ಇವೆಲ್ಲ ಸೇರಿ ಶೇ. 1.6; ಎಂದಿನ ಪದ್ಧತಿಯಲ್ಲಿ ಶೇ. 4.3.

ಆಮೇಲೆ ಅವರ ಗೀಳಿನ ವಿಷಯ ಬಂತು: ವಾಟ್ಸಾಪಿನಲ್ಲಿ ಬಂದ ತೀರ್ಮಾನ ಓದಿ ಪ್ರಬಂಧ ಓದಿದೆವೆನ್ನುವ ಹುಡುಗರು. ಅಕಾಲಿಕ ಶಿಶುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದನ್ನೇ ತೆಗೆದುಕೊಳ್ಳಿ ಎಂದರು. ಬೆಳಗಾವಿಯೂ ಸೇರಿ ಆರು ದೇಶಗಳ ಸಮುದಾಯಗಳಲ್ಲಿ ಅದರ ಬಳಕೆ ಹೆಚ್ಚಿಸಿ ನೋಡಿದ ಅಧ್ಯಯನ 2015ರಲ್ಲಿ ಬಂತು. ಒಟ್ಟಾರೆ ನವಜಾತ ಶಿಶುಮರಣ ಇಳಿಯುವ ಬದಲು ಸಾವಿರಕ್ಕೆ 23.9ರಿಂದ 27.4ಕ್ಕೆ ಏರಿತ್ತು. 2020ರಲ್ಲಿ, ಗರ್ಭದ ವಾರಗಳನ್ನು ಸ್ಕ್ಯಾನಿಂಗಿನಿಂದ ಖಚಿತಪಡಿಸಿಕೊಂಡು, ಶಿಶು ಆರೈಕೆಯೂ ಇದ್ದ ಆಸ್ಪತ್ರೆಗಳಲ್ಲಿ ಅದೇ ಮದ್ದು ಸಾವು ತಗ್ಗಿಸಿತು. ಯಾರಿಗೆ, ಎಲ್ಲಿ ಕೊಟ್ಟರು ಎಂಬುದನ್ನು ಓದದವರು ಎರಡರಲ್ಲಿ ಯಾವುದನ್ನು ನಂಬುತ್ತೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಳೆ ಮಗುಚಿದರು.

ಬುದ್ಧಿವಾದ ಉದ್ದವಿರಲಿಲ್ಲ, ಸಮನಾಗಿಯೂ ಇರಲಿಲ್ಲ. ಪ್ರಬಂಧ ಓದುವಾಗ ಮೊದಲು ಕೋಷ್ಟಕ ನೋಡಿ. ಇಂಡೆಂಟಿನಲ್ಲಿ ಅಳತೆಚೀಲ ಬರೆಯಿರಿ. ವೈದ್ಯಾಧಿಕಾರಿ ಹೊಡೆದುಹಾಕಿದರೆ ಮುಂದಿನ ತಿಂಗಳು ಮತ್ತೆ ಬರೆಯಿರಿ. ಹೊಟ್ಟೆ ತುಂಬ ಉಂಡು ರಾತ್ರಿ ಪಾಳಿಗೆ ಹೋಗಿ. ಮೊದಲ ಸಂಬಳದಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೊಳ್ಳಿ.

"ಅದನ್ನ ಆಸ್ಪತ್ರೆಯವ್ರ ಕೊಡಬೇಕಲ್ರೀ, ಮೇಡಂ?" ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು.

"ಕೊಡಬೇಕು. ಕೊಡೋತನಕ ಹೆರಿಗಿ ನಿಲ್ತಾವೇನು?"