ಬಾಗಿಲು ಮತ್ತು ಮೆಟ್ಟಿಲು

ಮೈಸೂರು ವಿಶ್ವವಿದ್ಯಾನಿಲಯವು 1916ರ ಜುಲೈ 27ರಂದು ಹುಟ್ಟಿತು. ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಕಪ್ಪುಜನರಿಗೆಂದು ಫೋರ್ಟ್ ಹೇರ್ ಕಾಲೇಜು ತೆರೆಯಿತು. ಅಲ್ಲಿನ ಗೋಡೆ ಬಣ್ಣದ್ದು; ನಮ್ಮದು ಜಾತಿಯದು. ಅದು ವಿಶ್ವವಿದ್ಯಾನಿಲಯದ ಬಾಗಿಲಲ್ಲಲ್ಲ, ಊರಶಾಲೆಯ ಜಗಲಿಯಲ್ಲೇ ನಿಂತಿತ್ತು. ಹೀಗಾಗಿ ಪದವಿಯೂ ಹುದ್ದೆಯೂ ಕೆಲವರ ಪಾಲಾದವು.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಅಳತೆಯೆಂದು ನಂಬಿದ್ದ, ವಿಶ್ವವಿದ್ಯಾನಿಲಯದ ಕನಸುಗಾರ ವಿಶ್ವೇಶ್ವರಯ್ಯನವರು ದಿವಾನಗಿರಿ ತೊರೆದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಲ್ಲಬೇಕೆಂದಿತು ಸಮಿತಿ. ಇಬ್ಬರೂ ನಾಡಿನ ಹಿತೈಷಿಗಳೇ. ಆದರೆ ಮೆಟ್ಟಿಲೇರಲು ಬಿಡದೆ ಯೋಗ್ಯತೆಯನ್ನು ಅಳೆಯಬಹುದೆ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನದ ಹೇಮಗಂಗೋತ್ರಿಗೆ ಬರುವ, ಮನೆತನದಲ್ಲೇ ಮೊದಲು ಓದಿದ ಹೆಣ್ಣುಮಕ್ಕಳನ್ನು ಕಂಡಾಗ ನನಗೆ ಉತ್ತರ ದೊರೆಯುತ್ತದೆ.