ರಿಜಿಸ್ಟರಿನ ಸಾಲು, ಕಂಪ್ಯೂಟರಿನ ಕೀಲಿ



ಸುವರ್ಣ ಮಹೋತ್ಸವ ಸಮಿತಿಯವರು ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ ಒಪ್ಪಿಸಿದ್ದಾರೆ. ಅದರ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ರಿಜಿಸ್ಟರಿನ ಒಂದೊಂದು ಸಾಲೂ ಒಬ್ಬ ವಿದ್ಯಾರ್ಥಿ. ದಾಖಲಾತಿ ಸಂಖ್ಯೆ, ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಊರು ಎಂದು ಕಾಲಂಗಳಿವೆ. ನಾನು ಬಳಸುವ ಸಿ ಶಾರ್ಪ್ ಭಾಷೆಯಲ್ಲಿ ಈ ಸಾಲಿಗೆ ಆಬ್ಜೆಕ್ಟ್ ಎನ್ನುತ್ತಾರೆ, ಕಾಲಮಿಗೆ ಪ್ರಾಪರ್ಟಿ. ಸಾಲುಗಳೆಲ್ಲ ಸೇರಿದರೆ ಲಿಸ್ಟ್. ಲಿಸ್ಟಿನಲ್ಲಿ ಒಬ್ಬರನ್ನು ಹುಡುಕಲು ಮೊದಲ ಸಾಲಿನಿಂದ ಬೆರಳಿಟ್ಟು ನೋಡುತ್ತಾ ಬರಬೇಕು. ಡಿಕ್ಷನರಿಯಲ್ಲಾದರೆ ಕೀಲಿ ಕೊಟ್ಟ ಕೂಡಲೇ ಆ ಸಾಲು ಕೈಗೆ ಬರುತ್ತದೆ.

ಕೀಲಿ ಯಾವುದಾಗಬೇಕು? ಕಚೇರಿಗೆ ಸಂಖ್ಯೆಯಿಂದ ಹುಡುಕಬೇಕು, ಸಮಿತಿಗೆ ಹೆಸರಿನಿಂದ. ಪ್ರತಿಯೊಂದಕ್ಕೂ ಬೇರೆ ಪ್ರೋಗ್ರಾಂ ಬರೆಯುವ ಬದಲು ರಿಫ್ಲೆಕ್ಷನ್ ಎಂಬ ಉಪಾಯವಿದೆ. ಪ್ರೋಗ್ರಾಂ ಓಡುತ್ತಿರುವಾಗಲೇ ‘ಈ ಹೆಸರಿನ ಕಾಲಂ ನಿನ್ನಲ್ಲಿ ಇದೆಯೇ’ ಎಂದು ಕೇಳಬಹುದು. ಗೆಟ್‌ಪ್ರಾಪರ್ಟಿ ಕಾಲಮನ್ನು ಗುರುತಿಸುತ್ತದೆ, ಗೆಟ್‌ವ್ಯಾಲ್ಯೂ ಅದರಲ್ಲಿ ಬರೆದದ್ದನ್ನು ತಂದುಕೊಡುತ್ತದೆ. ಗುರುತಿಸುವುದನ್ನು ಒಂದೇ ಸಲ ಮಾಡಿ ಇಟ್ಟುಕೊಳ್ಳಬೇಕು. ಸಾಲು ಸಾಲಿಗೂ ಕೇಳಿದರೆ ಕೆಲಸ ನಿಧಾನ. ಕಾಲಮಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಕಂಪೈಲರ್ ಎಚ್ಚರಿಸುವುದಿಲ್ಲ, ಓಡುವಾಗ ಬರಿಗೈಯಲ್ಲಿ ವಾಪಸ್ ಬರುತ್ತದೆ. ಇಲ್ಲಿ ಕೂತಿರುವ ಮಕ್ಕಳು ಇದನ್ನು ನನಗಿಂತ ಬೇಗ ಕಲಿಯುತ್ತಾರೆ, ಬಿಡಿ.

ಕಷ್ಟವಿರುವುದು ಮುಂದೆ. ಡಿಕ್ಷನರಿಯಲ್ಲಿ ಒಂದು ಕೀಲಿಗೆ ಒಬ್ಬರೇ. ನಮ್ಮ ತರಗತಿಯಲ್ಲೇ ಎಂ. ಮಂಜುನಾಥ ಎಂದು ಇಬ್ಬರಿದ್ದರು. ಹಾಜರಿ ಕೂಗಿದಾಗ ಇಬ್ಬರೂ ಒಟ್ಟಿಗೆ ‘ಎಸ್ ಸಾರ್’ ಎನ್ನುತ್ತಿದ್ದರು. ಹೆಸರನ್ನು ಕೀಲಿ ಮಾಡಿದರೆ ಟುಡಿಕ್ಷನರಿ ಎರಡನೆಯ ಮಂಜುನಾಥನ ಬಳಿ ದೋಷ ತೋರಿಸಿ ನಿಂತುಬಿಡುತ್ತದೆ. ಅದು ಒಳ್ಳೆಯದೇ. ನಿಲ್ಲದ ಹಾಗೆ ಬರೆಯುವ ಅಡ್ಡದಾರಿಯೂ ಇದೆ: ಅದೇ ಕೀಲಿ ಮತ್ತೆ ಬಂದರೆ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುವುದು. ಆಗ ಮೊದಲಿನವನು ಸದ್ದಿಲ್ಲದೆ ಮಾಯ. ನಾಳೆ ಪಿಂಚಣಿಗೋ ಪಾಸ್‌ಪೋರ್ಟಿಗೋ ಜನ್ಮದಿನಾಂಕದ ದಾಖಲೆ ಕೇಳಿಕೊಂಡು ಬಂದವರಿಗೆ ಇನ್ನೊಬ್ಬರ ದಿನಾಂಕ ಹೋದರೆ ಯಾರು ಹೊಣೆ?

ಯಾವ ಯಾವ ಕಾಲಂ ಇದೆ ಎಂದು ರಿಫ್ಲೆಕ್ಷನ್ ಹೇಳಬಲ್ಲದು. ಯಾವ ಕಾಲಂ ಒಬ್ಬರಿಗೆ ಮಾತ್ರ ಸೇರಿದ್ದು ಎಂದು ಅದಕ್ಕೆ ತಿಳಿಯದು. ಅದು ರಿಜಿಸ್ಟರ್ ಬರೆದ ಗುಮಾಸ್ತರಿಗೆ ತಿಳಿದಿತ್ತು. ಅದಕ್ಕೇ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟರು. ಹಾಗಾಗಿ ದಾಖಲೆಗೆ ಆ ಸಂಖ್ಯೆಯೇ ಕೀಲಿ. ಹೆಸರಿನಿಂದ ಹುಡುಕಲು ಟುಲುಕಪ್ ಬಳಸಿದ್ದೇನೆ. ಅದು ಒಂದು ಹೆಸರಿನ ಕೆಳಗೆ ಅಷ್ಟೂ ಮಂದಿಯನ್ನು ಒಟ್ಟಿಗೆ ಇಡುತ್ತದೆ.

ಹೆಸರು, ಇನಿಷಿಯಲ್ ಎರಡೂ ಒಂದೇ ಆಗಿರುವವರ ಪಟ್ಟಿಯನ್ನು ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಸಿದ್ದೇವೆ. ಊಟಕ್ಕೆ ಹೋಗುವ ಮುಂಚೆ ದಯವಿಟ್ಟು ನಿಮ್ಮ ಸಾಲು ನೋಡಿ, ತಂದೆಯ ಹೆಸರು, ಊರು ಸರಿಯಿದೆಯೇ ಹೇಳಿ. ಇವತ್ತು ಬಾರದವರ ಸಾಲನ್ನು ಅವರ ಮನೆಯವರು ನೋಡಿದರೂ ಆದೀತು.